ಹಿತ್ತಲಿನ ಹಕ್ಕಿಗಳಿಗೆ ಮಣ್ಣಿನ ನೀರಿನ ತಟ್ಟೆ: ಒಂದು ತಿಂಗಳು ಬಳಸಿದ ಮೇಲೆ

ಶಿವರಾತ್ರಿ ಕಳೆದು ಬಿಸಿಲು ಬಲಿಯತೊಡಗಿದಾಗ, ಧಾರವಾಡದ ಮಾರುಕಟ್ಟೆಯಲ್ಲಿ ಗಡಿಗೆ ಮಾರುವ ಹಿರಿಯರೊಬ್ಬರಿಗೆ 150 ರೂಪಾಯಿ ಕೊಟ್ಟು ಹಕ್ಕಿಗಳಿಗೆ ನೀರಿಡುವ ಮಣ್ಣಿನ ತಟ್ಟೆಯೊಂದನ್ನು ತಂದೆ. ಅಗಲ ಸುಮಾರು 14 ಇಂಚು. ಅಂಚಿನಿಂದ ಇಳಿಜಾರಾಗಿ ಸಾಗುವ ಅದರ ನಡುವಿನ ಆಳ 2 ಇಂಚಿಗಿಂತ ತುಸು ಹೆಚ್ಚು. ಹೋದ ವರ್ಷ ತರಿಸಿದ್ದ ಪಿಂಗಾಣಿ ಬಟ್ಟಲು ನೋಡಲು ಚೆಂದವಿತ್ತು. ಆದರೆ ಅದರ ನುಣುಪಾದ ಅಂಚಿನಲ್ಲಿ ಗುಬ್ಬಿಯ ಕಾಲು ಜಾರುತ್ತಿದ್ದುದರಿಂದ ಕಾಗೆಗಳ ಹೊರತು ಬೇರೆ ಹಕ್ಕಿಗಳು ಅದರತ್ತ ಸುಳಿಯಲಿಲ್ಲ.

ಈ ತಟ್ಟೆಯ ಗುಣವಿರುವುದೇ ಅದರ ಒರಟುತನದಲ್ಲಿ. ಬಣ್ಣ ಬಳಿಯದ ಮಣ್ಣಿನ ಮೇಲೆ ಹಕ್ಕಿಯ ಉಗುರು ಗಟ್ಟಿಯಾಗಿ ಊರುತ್ತದೆ, ಮೈಯಿಂದ ಒಸರುವ ನೀರು ಆವಿಯಾಗುವುದರಿಂದ ಒಳಗಿನ ನೀರು ಮಧ್ಯಾಹ್ನವೂ ತಂಪಾಗಿರುತ್ತದೆ. ಪೇರಲ ಗಿಡದ ನೆರಳಿಗೆ, ಅಡುಗೆಮನೆಯ ಕಿಟಕಿಗೆ ಕಾಣುವಂತೆ ಇಟ್ಟ ನಾಲ್ಕನೆಯ ದಿನ ಪಿಕಳಾರದ ಜೋಡಿಯೊಂದು ಬಂತು. ಪಿಕಳಾರ ಕೊಕ್ಕಿನಲ್ಲಿ ನೀರು ತುಂಬಿಕೊಂಡು ಗುಟುಕಿಗೊಮ್ಮೆ ತಲೆಯೆತ್ತಿ ನುಂಗುತ್ತದೆ. ಅದರ ಬೆನ್ನಿಗೇ ಬಂದ ಬೆಳವ ಕೊಕ್ಕನ್ನು ನೀರಿಗಿಳಿಸಿ ತಲೆಯೆತ್ತದೆ ಒಂದೇ ಸಮನೆ ಹೀರಿತು. ಓದಿ ತಿಳಿದಿದ್ದ ಈ ವ್ಯತ್ಯಾಸವನ್ನು ಹತ್ತೇ ಹೆಜ್ಜೆ ದೂರದಿಂದ, ದುರ್ಬೀನಿನ ಹಂಗಿಲ್ಲದೆ ಕಣ್ಣಾರೆ ಕಂಡ ಸಂತೋಷ ದೊಡ್ಡದು. ಹಕ್ಕಿಗಳಿಗೆ ಬೆವರಿನ ಗ್ರಂಥಿಗಳಿಲ್ಲ. ಆದ್ದರಿಂದಲೇ ಮಧ್ಯಾಹ್ನ ಎರಡರ ಹೊತ್ತಿಗೆ ಹರಟೆಮಲ್ಲಗಳ ಗುಂಪು ಕೊಕ್ಕು ತೆರೆದು ಏದುಸಿರು ಬಿಡುತ್ತಾ ಬಂದು, ಒಂದರ ಮೇಲೊಂದು ಬಿದ್ದು ಮಿಂದು, ಅರ್ಧ ನೀರನ್ನು ನೆಲಕ್ಕೆ ಚೆಲ್ಲಿ ಹೋಗುತ್ತದೆ. ಅಳಿಲು ಮಾತ್ರ ಗದ್ದಲ ಅಡಗಿದ ಮೇಲೆಯೇ ಇಳಿಯುತ್ತದೆ.

ಕೊರತೆಗಳೂ ಇವೆ. ನಡುವಿನ ಆಳ ಸಣ್ಣ ಹಕ್ಕಿಗಳಿಗೆ ಹೆಚ್ಚಾಯಿತು. ಚಪ್ಪಟೆ ಕಲ್ಲೊಂದನ್ನು ಇಟ್ಟ ಮೇಲೆಯೇ ಟುವ್ವಿ ಹಕ್ಕಿ ಧೈರ್ಯ ಮಾಡಿ ಇಳಿಯಿತು. ಒರಟು ಮೈಗೆ ಪಾಚಿ ಬೇಗ ಹಿಡಿಯುವುದರಿಂದ ಎರಡು ದಿನಕ್ಕೊಮ್ಮೆ ತೆಂಗಿನ ನಾರಿನಿಂದ, ಸೋಪು ಹಚ್ಚದೆ, ಉಜ್ಜಬೇಕು. ನೀರನ್ನಂತೂ ದಿನವೂ ಬದಲಿಸಲೇಬೇಕು. ಬೇಸಿಗೆಯಲ್ಲಿ ಸೊಳ್ಳೆಯ ಮೊಟ್ಟೆ ಮರಿಯಾಗಿ ರೆಕ್ಕೆ ಪಡೆಯಲು ಒಂದು ವಾರವೇ ಸಾಕು. ಮೊದಲು ನಾನು ತಟ್ಟೆಯನ್ನು ದಾಸವಾಳದ ಪೊದೆಗೆ ಅಂಟಿಸಿ ಇಟ್ಟಿದ್ದು ನನ್ನದೇ ತಪ್ಪು. ಅಲ್ಲಿ ಬೆಕ್ಕು ಹೊಂಚು ಹಾಕಿ ಕೂತದ್ದನ್ನು ಕಂಡು ಎರಡು ಮಾರು ದೂರ ಸರಿಸಿದೆ.

ಕೊಳ್ಳುವವರು ಬೆರಳ ಗೆಣ್ಣಿನಿಂದ ತಟ್ಟಿ ನೋಡಲಿ: ಠಣ್ ಎಂದರೆ ಚೆನ್ನಾಗಿ ಬೆಂದಿದೆ, ಬದ್ದೆಂದರೆ ಬಿರುಕಿದೆ. ಮನೆಗೆ ತಂದು ಒಂದು ರಾತ್ರಿ ನೀರಿನಲ್ಲಿ ನೆನೆಸಿಟ್ಟೇ ಬಳಸಬೇಕು.