ಮೆತ್ತಗಾದ ಬ್ರೇಕ್ ಲಿವರ್: ವ್ಯಾಕ್ಯೂಮ್ ಪಂಪ್, ಇಬ್ಬರ ಕೈಕೆಲಸ ಮತ್ತು ಸಿರಿಂಜ್

ಮೆಡಿಕಲ್ ಅಂಗಡಿಯಲ್ಲಿ ಐವತ್ತು ರೂಪಾಯಿಗೆ ಕೊಂಡ 60 ಮಿಲಿಲೀಟರ್ ಸಿರಿಂಜ್ ಅರ್ಧ ಗಂಟೆಯಲ್ಲಿ ಮುಗಿಸಿದ ‘ಬ್ಲೀಡಿಂಗ್’ ಕೆಲಸವನ್ನು, ಅಂದರೆ ಬೈಕಿನ ಬ್ರೇಕ್ ಆಯಿಲಿನಲ್ಲಿ ಸಿಕ್ಕಿಕೊಂಡ ಗಾಳಿಯನ್ನು ಹೊರತೆಗೆಯುವುದನ್ನು, ಆನ್‌ಲೈನ್‌ನಲ್ಲಿ 1,350 ರೂಪಾಯಿ ತೆತ್ತು ತರಿಸಿದ ವ್ಯಾಕ್ಯೂಮ್ ಪಂಪ್ ಎರಡು ಭಾನುವಾರ ಕಳೆದರೂ ಮುಗಿಸಲಿಲ್ಲ. ಆದ್ದರಿಂದ ನನ್ನ ಒಲವು ಸಿರಿಂಜಿನ ಕಡೆಗೇ ಇದೆ. ಆದರೂ ಮೂರು ವಿಧಾನಗಳನ್ನೂ ಒಂದೇ ಬೈಕಿನ ಮೇಲೆ, ಒಂದೇ ಅಂಗಳದಲ್ಲಿ, ಒಂದೇ ದೋಷಕ್ಕಾಗಿ ಪ್ರಯೋಗಿಸಿದ್ದರಿಂದ ಹೋಲಿಸಿ ಹೇಳಲು ನನ್ನ ಬಳಿ ಒಂದಿಷ್ಟು ವಿಷಯವಿದೆ.

ಬೈಕು 150 ಸಿಸಿಯದು, ಮುಂದೆ ಡಿಸ್ಕ್, ಹಿಂದೆ ಡ್ರಮ್, ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲದ ಹಳೆಯ ಮಾದರಿ. ಕಲಬುರಗಿಯ ಒಂದು ಗ್ಯಾರೇಜಿನಲ್ಲಿ ಕ್ಯಾಲಿಪರ್ (ಡಿಸ್ಕನ್ನು ಅದುಮಿ ಹಿಡಿಯುವ ಭಾಗ) ಬಿಚ್ಚಿ ಸೀಲ್ ಬದಲಿಸಿಕೊಂಡು ಮನೆಗೆ ತಂದ ಮರುದಿನವೇ ಹುಮನಾಬಾದ್ ರಸ್ತೆಯಲ್ಲಿ ಕಮಲಾಪುರದ ಕಡೆ ಹೊರಟಿದ್ದೆ. ಮುಂದಿದ್ದ ಟ್ರ್ಯಾಕ್ಟರ್ ವೇಗ ತಗ್ಗಿಸಿದಾಗ ಲಿವರ್ ಒತ್ತಿದರೆ ಅದು ಸ್ಪಂಜಿನಂತೆ ಒಳಗೆ ಹೋಗಿ ಹ್ಯಾಂಡಲ್ ಹಿಡಿಕೆಗೆ ತಾಗಿತು. ಬಿಟ್ಟು ಮತ್ತೆ ಎರಡು ಸಲ ಒತ್ತಿದ ಮೇಲೆ ಬ್ರೇಕ್ ಹಿಡಿಯಿತು. ಗ್ಯಾರೇಜಿನವರು ‘ಓಡಿಸುತ್ತಾ ಓಡಿಸುತ್ತಾ ಸರಿಹೋಗುತ್ತದೆ’ ಎಂದರು. ಒಳಗೆ ಸಿಕ್ಕಿಕೊಂಡ ಗಾಳಿ ಗಾಡಿ ಓಡಿಸಿದ ಮಾತ್ರಕ್ಕೆ ಹೊರಗೆ ಹೋಗುವುದಿಲ್ಲ. ಅಂದು ಹಿಂದಿನ ಬ್ರೇಕನ್ನೇ ನಂಬಿಕೊಂಡು, ಮೂವತ್ತರ ವೇಗ ಮೀರದೆ ಮನೆಗೆ ಮರಳಿದೆ.

ಯಾವ ವಿಧಾನಕ್ಕಾದರೂ ಕೈ ಹಾಕುವ ಮುನ್ನ ದೋಷ ಗಾಳಿಯದೇ ಎಂದು ಖಚಿತಪಡಿಸಿಕೊಳ್ಳಬೇಕು. ಲಿವರನ್ನು ಬೇಗ ಬೇಗ ನಾಲ್ಕು ಸಲ ಒತ್ತಿದಾಗ ಗಟ್ಟಿಯಾಗಿ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಮೆತ್ತಗಾದರೆ ಬಹುಮಟ್ಟಿಗೆ ಗಾಳಿಯೇ ಕಾರಣ. ಅದರ ಬದಲು ಗಟ್ಟಿಯಾಗಿ ಒತ್ತಿ ಹಿಡಿದಿದ್ದರೂ ಲಿವರ್ ಒಂದೇ ಸಮನೆ ನಿಧಾನವಾಗಿ ಒಳಗಿಳಿಯುತ್ತಿದ್ದರೆ, ಹೊರಗೆಲ್ಲೂ ಆಯಿಲ್ ಸೋರಿಲ್ಲವಾದರೆ, ಲಿವರಿನ ಬಳಿಯಿದ್ದು ಆಯಿಲನ್ನು ಒತ್ತುವ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಸೀಲ್ ಸವೆದಿದೆ ಎಂದೇ ಲೆಕ್ಕ. ಅದಕ್ಕೆ ಎಷ್ಟು ಬ್ಲೀಡ್ ಮಾಡಿದರೂ ಫಲವಿಲ್ಲ. ನನ್ನದು ಮೊದಲನೆಯ ಬಗೆಯದಾಗಿತ್ತು.

ವ್ಯಾಕ್ಯೂಮ್ ಪಂಪಿನ ಆಸೆ ಹುಟ್ಟಿದ್ದು ಒಬ್ಬನೇ ಕೆಲಸ ಮಾಡಬಹುದು ಎಂಬ ಕಾರಣಕ್ಕೆ. ಆಯಿಲ್ ಹೊರಬಿಡಲು ಕ್ಯಾಲಿಪರಿನಲ್ಲಿರುವ ನಿಪ್ಪಲ್‌ಗೆ ಪೈಪ್ ಸಿಕ್ಕಿಸಿ, ಕೈಯಿಂದ ಪಂಪ್ ಒತ್ತಿ ಒತ್ತಡ ಇಳಿಸಿ, ನಿಪ್ಪಲನ್ನು ಕಾಲು ಸುತ್ತು ಸಡಿಲಿಸಿದರೆ ಹಳೆಯ ಆಯಿಲ್ ಗಾಳಿಯ ಸಮೇತ ಬಾಟಲಿಗೆ ಬಂದು ಬೀಳಬೇಕು. ಬಂದದ್ದೂ ನಿಜ. ಆದರೆ ಆಯಿಲಿನ ಜೊತೆ ಸಣ್ಣ ಗುಳ್ಳೆಗಳ ಸಾಲೂ ಬರತೊಡಗಿತು, ಮತ್ತು ಅದು ನಿಲ್ಲಲೇ ಇಲ್ಲ. ಹ್ಯಾಂಡಲಿನ ಮೇಲಿರುವ ಬ್ರೇಕ್ ಆಯಿಲ್ ಡಬ್ಬಿಗೆ ಹೊಸ ಆಯಿಲ್ ಸುರಿಯುತ್ತಾ ಹೋದೆ, ಗುಳ್ಳೆ ಬರುತ್ತಲೇ ಇತ್ತು. 250 ಮಿಲಿಲೀಟರಿನ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಬಾಟಲಿಯಲ್ಲಿ ಮುಕ್ಕಾಲು ಭಾಗ ಖಾಲಿಯಾದರೂ ಕೊನೆಯ ಗುಳ್ಳೆ ಯಾವುದೆಂದು ತಿಳಿಯಲಿಲ್ಲ.

ಇದರ ಕಾರಣ ತಿಳಿಯಲು ನನಗೆ ಒಂದು ವಾರ ಬೇಕಾಯಿತು. ನಿಪ್ಪಲ್ ಎಂಬುದು ನಡುವೆ ರಂಧ್ರವಿರುವ ಒಂದು ತಿರುಪು ಮೊಳೆ. ಅದನ್ನು ಸಡಿಲಿಸಿದಾಗ ಆಯಿಲ್ ನಡುವಿನ ರಂಧ್ರದಿಂದ ಬರುವುದು ಹೌದಾದರೂ, ಸುತ್ತಲಿನ ತಿರುಪಿನ ಸಂದಿಯೂ ಆಗ ತೆರೆದುಕೊಳ್ಳುತ್ತದೆ. ಪಂಪ್ ಹೀರುವಾಗ ಹೊರಗಿನ ಗಾಳಿ ಆ ಸಂದಿಯಿಂದ ನುಗ್ಗಿ, ಆಯಿಲಿನೊಂದಿಗೆ ಬೆರೆತು, ಪಾರದರ್ಶಕ ಪೈಪಿನಲ್ಲಿ ಗುಳ್ಳೆಯಾಗಿ ಕಾಣುತ್ತದೆ. ನಾನು ನೋಡುತ್ತಿದ್ದದ್ದು ಬ್ರೇಕಿನ ಒಳಗಿನ ಗಾಳಿಯನ್ನಲ್ಲ, ಅಂಗಳದ ಗಾಳಿಯನ್ನು. ಎರಡನೆಯ ಭಾನುವಾರ ನಿಪ್ಪಲನ್ನು ಪೂರ್ತಿ ಬಿಚ್ಚಿ, ತುದಿಗೆ ತಾಗದಂತೆ ತಿರುಪಿನ ಮೇಲ್ಭಾಗಕ್ಕೆ ಮಾತ್ರ ನಲ್ಲಿಗೆ ಸುತ್ತುವ ಬಿಳಿ ಟೇಪನ್ನು ಎರಡು ಸುತ್ತು ಸುತ್ತಿ ಕೂರಿಸಿದೆ. ಗುಳ್ಳೆಗಳು ಕಡಿಮೆಯಾದವು, ಪೂರ್ತಿ ನಿಲ್ಲಲಿಲ್ಲ. ಬ್ಲೀಡಿಂಗ್ ಎಂದರೆ ಗುಳ್ಳೆ ನಿಲ್ಲುವವರೆಗೆ ಕಾಯುವ ಕೆಲಸ. ಗುಳ್ಳೆ ನಿಜವೋ ಸುಳ್ಳೋ ಎಂದು ಗೊತ್ತಾಗದ ಮೇಲೆ ಕೆಲಸ ಮುಗಿದಿದೆ ಎಂದು ತೀರ್ಮಾನಿಸುವುದಾದರೂ ಹೇಗೆ? ಅಂದು ಲಿವರ್ ಅರ್ಧದಷ್ಟು ಸುಧಾರಿಸಿತ್ತು. ಬ್ರೇಕಿನ ವಿಷಯದಲ್ಲಿ ಅರ್ಧ ಸುಧಾರಣೆಯನ್ನು ನಾನು ಒಪ್ಪಲಾರೆ.

ಎರಡನೆಯದು ಎಲ್ಲ ಗ್ಯಾರೇಜುಗಳಲ್ಲೂ ಕಾಣುವ ಹಳೆಯ ಪದ್ಧತಿ. ಒಬ್ಬರು ಲಿವರ್ ಒತ್ತಿ ಹಿಡಿಯುತ್ತಾರೆ, ಇನ್ನೊಬ್ಬರು ನಿಪ್ಪಲ್ ಸಡಿಲಿಸಿ, ಆಯಿಲ್ ಚಿಮ್ಮಿದ ಕೂಡಲೇ ಬಿಗಿ ಮಾಡುತ್ತಾರೆ, ಆಮೇಲೆ ಲಿವರ್ ಬಿಡುತ್ತಾರೆ. ಖರ್ಚು ಏನೂ ಇಲ್ಲ. ನನ್ನ ತಮ್ಮ ಲಿವರ್ ಹಿಡಿದ, ನಾನು 8ರ ಪಾನಾ ಹಿಡಿದೆ. ಹತ್ತು ಸಲ ಸರಿಯಾಗಿ ನಡೆಯಿತು. ಹನ್ನೊಂದನೆಯ ಸಲ ನಾನು ನಿಪ್ಪಲ್ ಮುಚ್ಚುವ ಮೊದಲೇ ಅವನು ಲಿವರ್ ಬಿಟ್ಟ. ಪೈಪಿನ ತುದಿ ಬಾಟಲಿಯ ಆಯಿಲಿನಲ್ಲಿ ಮುಳುಗಿರಲಿಲ್ಲವಾದ್ದರಿಂದ ಗಾಳಿ ಹಿಂದಕ್ಕೆ ಹೋಯಿತು. ಅದುವರೆಗಿನ ಶ್ರಮ ವ್ಯರ್ಥವಾಯಿತು.

ಈ ಪದ್ಧತಿಗೆ ಇನ್ನೊಂದು ಮಿತಿಯೂ ಇದೆ. ಗಾಳಿಯ ಸ್ವಭಾವ ಮೇಲೇರುವುದು, ಆದರೆ ನಾವು ಅದನ್ನು ಕೆಳಕ್ಕೆ ದೂಡುತ್ತಿರುತ್ತೇವೆ. ಲಿವರನ್ನು ಒಮ್ಮೆ ಪೂರ್ತಿ ಒತ್ತಿದರೆ ಸರಿಯುವ ಆಯಿಲ್ ಒಂದೆರಡು ಮಿಲಿಲೀಟರ್ ಮಾತ್ರ. ಸಣ್ಣ ಪೈಪಿನಲ್ಲಿ ಅದು ಹೆಚ್ಚು ಕಡಿಮೆ ಒಂದು ಗೇಣು. ಗುಳ್ಳೆ ಒಂದು ಗೇಣು ಕೆಳಗಿಳಿದು, ನಾವು ಮುಂದಿನ ಒತ್ತಿಗೆ ಸಿದ್ಧರಾಗುವಷ್ಟರಲ್ಲಿ ಮತ್ತೆ ಮೇಲಕ್ಕೆ ಸರಿಯುತ್ತದೆ. ಕ್ಯಾಲಿಪರ್ ಬಿಚ್ಚದೆ ಬರೀ ಹಳೆಯ ಆಯಿಲ್ ಬದಲಿಸುವುದಿದ್ದರೆ ಇಂದಿಗೂ ಇದೇ ಪದ್ಧತಿ ಸಾಕು. ಖಾಲಿಯಾದ ಕ್ಯಾಲಿಪರ್ ತುಂಬಿಸಲು ಸಾಲದು.

ಸಿರಿಂಜ್ ಇದೇ ಕೆಲಸವನ್ನು ತಿರುಗಿಸಿ ಮಾಡುತ್ತದೆ. ಹೊಸ ಆಯಿಲನ್ನು ಕೆಳಗಿನ ನಿಪ್ಪಲಿನಿಂದ ಮೇಲಕ್ಕೆ ಒತ್ತಿದರೆ ಗಾಳಿ ತಾನು ಹೋಗಬೇಕಾದ ದಿಕ್ಕಿನಲ್ಲೇ ಹೋಗುತ್ತದೆ. ಮೊದಲು ಇನ್ನೊಂದು ಸಿರಿಂಜಿನಿಂದ ಮೇಲಿನ ಡಬ್ಬಿಯ ಆಯಿಲನ್ನು ಪೂರ್ತಿ ಹೀರಿ, ತಳದ ಕೆಸರನ್ನು ಬಟ್ಟೆಯಿಂದ ಒರೆಸಿದೆ. ಬಳಿಕ ಪಾನಾದ ರಿಂಗ್ ಬದಿಯನ್ನು ನಿಪ್ಪಲಿಗೆ ಕೂರಿಸಿ, ಅದರ ಮೇಲೆ ಪೈಪ್ ಸಿಕ್ಕಿಸಿದೆ. ಪೈಪ್ ಮೊದಲು ಹಾಕಿದರೆ ರಿಂಗ್ ಆಮೇಲೆ ಒಳಗೆ ಹೋಗುವುದಿಲ್ಲ. ಸಿರಿಂಜಿನಲ್ಲೂ ಪೈಪಿನಲ್ಲೂ ಒಂದು ಗುಳ್ಳೆಯೂ ಇರಕೂಡದು. ನಿಪ್ಪಲ್ ಸಡಿಲಿಸಿ ಹೆಬ್ಬೆರಳಿನಿಂದ ನಿಧಾನವಾಗಿ ಒತ್ತಿದೆ. ಸ್ವಲ್ಪ ಹೊತ್ತಿಗೆ ಡಬ್ಬಿಯ ತಳದ ಸೂಜಿಮೊನೆಯಷ್ಟು ರಂಧ್ರದಿಂದ ಒಂದು ದೊಡ್ಡ ಗುಳ್ಳೆ ಎದ್ದು ಒಡೆಯಿತು, ಹಿಂದೆಯೇ ನಾಲ್ಕಾರು ಸಣ್ಣವು ಬಂದವು, ಆಮೇಲೆ ಜೇನಿನ ಬಣ್ಣದ ಶುದ್ಧ ಆಯಿಲ್ ಮಾತ್ರ ಏರತೊಡಗಿತು. ಇಲ್ಲಿ ಗುಳ್ಳೆ ಎಲ್ಲಿಂದ ಬಂತೆಂಬ ಸಂಶಯಕ್ಕೆ ಎಡೆಯೇ ಇಲ್ಲ. ನಿಪ್ಪಲ್ ಮುಚ್ಚಿ ಲಿವರ್ ಒತ್ತಿದಾಗ ಅದು ಮೂರನೇ ಒಂದು ಭಾಗದಲ್ಲಿ ಗಟ್ಟಿಯಾಗಿ ನಿಂತಿತು.

ಇದರಲ್ಲೂ ತೊಂದರೆಗಳಿವೆ. ಡಬ್ಬಿ ಬೇಗ ತುಂಬಿ ಉಕ್ಕುತ್ತದೆ, ಒಂದು ಕಣ್ಣು ಅಲ್ಲೇ ಇರಬೇಕು. ಬ್ರೇಕ್ ಆಯಿಲ್ ಬಣ್ಣವನ್ನು ತಿನ್ನುತ್ತದೆ. ಟ್ಯಾಂಕಿಗೆ ಒದ್ದೆ ಬಟ್ಟೆ ಹೊದಿಸಿ, ಪಕ್ಕದಲ್ಲಿ ಒಂದು ಬಕೆಟ್ ನೀರು ಇಟ್ಟುಕೊಂಡೇ ಕೆಲಸ ಶುರುಮಾಡಬೇಕು. ಒಂದು ಸಲ ಬಳಸಿದ ಸಿರಿಂಜಿನ ರಬ್ಬರ್ ಬಿಗಿಯಾಗಿ ಮುಂದಿನ ಸಲಕ್ಕೆ ಸರಾಗವಾಗಿ ಜಾರಲಿಲ್ಲ. ಕೆಳಗಿನ ಕೊಳೆ ಮೇಲಕ್ಕೆ ಹೋಗಬಹುದಾದ್ದರಿಂದ, ವರ್ಷಗಟ್ಟಲೆ ಆಯಿಲ್ ಬದಲಿಸದೆ ಅದು ಕಪ್ಪು ಚಹಾದ ಬಣ್ಣಕ್ಕೆ ತಿರುಗಿದ್ದರೆ ಮೊದಲು ಹಳೆಯ ಪದ್ಧತಿಯಲ್ಲಿ ಕೆಳಗಿನಿಂದ ಹೊರತೆಗೆದು, ನಂತರವೇ ಸಿರಿಂಜ್ ಹಿಡಿಯುವುದು ಲೇಸು. 2019ರ ಏಪ್ರಿಲ್ ನಂತರ ಮಾರಾಟವಾದ 125 ಸಿಸಿಗಿಂತ ದೊಡ್ಡ ಬೈಕುಗಳಲ್ಲಿ ಎಬಿಎಸ್ ಕಡ್ಡಾಯವಾಗಿದೆ. ಅವುಗಳಿಗೆ ಹೀಗೆ ಒತ್ತಬಾರದು, ಕಂಪನಿಯ ಕೈಪಿಡಿ ಹೇಳಿದಂತೆಯೇ ಮಾಡಬೇಕು.

ಆಯಿಲಿನ ಬಗ್ಗೆಯೂ ಒಂದು ಮಾತು. ನಮ್ಮ ಕಡೆಯ ಬೇಸಿಗೆಯ ಬಿಸಿಲಿಗೇ ಬ್ರೇಕ್ ಆಯಿಲ್ ಕುದಿಯುತ್ತದೆ ಎಂದು ಹಲವರು ನಂಬಿದ್ದಾರೆ. ಡಾಟ್ 4ರ ಕುದಿಬಿಂದು ಹೊಸದರಲ್ಲಿ ಕನಿಷ್ಠ 230 ಡಿಗ್ರಿ, ತೇವ ಹೀರಿಕೊಂಡ ಮೇಲೆ ಕನಿಷ್ಠ 155 ಡಿಗ್ರಿ. 43 ಡಿಗ್ರಿ ಬಿಸಿಲು ಅದನ್ನು ಏನೂ ಮಾಡದು. ಅದನ್ನು ಕೆಡಿಸುವುದು ಗಾಳಿಯ ತೇವ. ಆದ್ದರಿಂದ ಮಳೆಗಾಲದಲ್ಲಿ ಅರ್ಧ ಉಳಿದ ಬಾಟಲಿಯನ್ನು ನಾನು ಮುಂದಿನ ವರ್ಷಕ್ಕೆ ಎತ್ತಿಡುವುದಿಲ್ಲ. ಡಾಟ್ 5 ಸಿಲಿಕೋನಿನದು, ಡಾಟ್ 4ರೊಂದಿಗೆ ಅದನ್ನು ಬೆರೆಸಲೇಬಾರದು.

ನಾನು ವರ್ಷಕ್ಕೊಮ್ಮೆ, ಬೇಸಿಗೆ ಮುಗಿಯುವ ಮುನ್ನ, ಒಬ್ಬನೇ ಕೂತು ಈ ಕೆಲಸ ಮಾಡುವವನು. ಒಂದೇ ಬೈಕು, ಒಂದೇ ಡಿಸ್ಕ್. ಅಷ್ಟಕ್ಕೆ ಎರಡು ಸಿರಿಂಜ್, ಎರಡಡಿ ಪಾರದರ್ಶಕ ಪೈಪ್ ಮತ್ತು ಹೊಸ ಬಾಟಲಿ ಆಯಿಲ್ ಎಲ್ಲ ಸೇರಿ ಮುನ್ನೂರು ರೂಪಾಯಿ ಮೀರುವುದಿಲ್ಲ. ಮನೆಯಲ್ಲಿ ಮೂರು ನಾಲ್ಕು ಗಾಡಿಗಳಿದ್ದು, ಕಾರಿನ ಬ್ರೇಕನ್ನೂ ತಾವೇ ನೋಡಿಕೊಳ್ಳುವವರು ಒಳ್ಳೆಯ ವ್ಯಾಕ್ಯೂಮ್ ಪಂಪ್ ಕೊಂಡರೆ ಅರ್ಥವಿದೆ. ನನ್ನ ಪಂಪ್ ಈಗ ಡಬ್ಬಿಯ ಹಳೆಯ ಆಯಿಲ್ ಹೀರಲು ಬಳಕೆಯಾಗುತ್ತಿದೆ, ಅದಕ್ಕೆ ಅದು ಚೆನ್ನಾಗಿಯೇ ಒದಗುತ್ತದೆ.

ಸಿರಿಂಜ್ ಕೆಲಸದ ನಂತರವೂ ಲಿವರಿನ ಆರಂಭದಲ್ಲಿ ಕೂದಲೆಳೆಯಷ್ಟು ಮೆದು ಉಳಿದಿತ್ತು. ಮಾಸ್ಟರ್ ಸಿಲಿಂಡರಿಗೆ ಪೈಪ್ ಸೇರುವ ಬ್ಯಾಂಜೋ ಬೋಲ್ಟಿನ ಬಳಿ ಗಾಳಿ ತಂಗುವುದುಂಟು. ಹ್ಯಾಂಡಲನ್ನು ಎಡಕ್ಕೆ ಪೂರ್ತಿ ತಿರುಗಿಸಿ ಮಾಸ್ಟರ್ ಸಿಲಿಂಡರ್ ಎತ್ತರಕ್ಕೆ ಬರುವಂತೆ ಗಾಡಿಯನ್ನು ಸೈಡ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಸೈಕಲ್ ಟ್ಯೂಬಿನ ತುಂಡಿನಿಂದ ಲಿವರನ್ನು ಹಿಡಿಕೆಗೆ ಬಿಗಿದು ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಟ್ಯೂಬ್ ಬಿಚ್ಚಿ, ಡಬ್ಬಿಯ ಮುಚ್ಚಳ ತೆಗೆದು ಲಿವರನ್ನು ಮೆಲ್ಲಗೆ ಅಲುಗಾಡಿಸಿದಾಗ ಸಾಸಿವೆ ಕಾಳಿನಷ್ಟು ಎರಡು ಗುಳ್ಳೆಗಳು ಮೇಲೆದ್ದವು. ಅಂದು ಸಂಜೆ ಅದೇ ಹುಮನಾಬಾದ್ ರಸ್ತೆಯಲ್ಲಿ ಎರಡು ಬೆರಳಿನಿಂದ ಬ್ರೇಕ್ ಹಿಡಿದೆ, ಮೊದಲ ಒತ್ತಿಗೇ ಗಾಡಿ ನಿಂತಿತು.