ಟ್ಯಾಂಪರ್‌ಮಂಕಿ: ಒಮ್ಮೆ ಓಡಿ ಒಮ್ಮೆ ಕೈಕೊಡುವ ಸ್ಕ್ರಿಪ್ಟ್ ಇಟ್ಟುಕೊಂಡವರಿಗೆ

ಕ್ರೋಮ್‌ನಲ್ಲಿ ಟ್ಯಾಂಪರ್‌ಮಂಕಿ ಹಾಕಿಕೊಂಡು ವರ್ಷಗಳೇ ಆದವು. 2010ರಲ್ಲಿ ಯಾನ್ ಬಿನಿಯೊಕ್ ಶುರು ಮಾಡಿದ ಎಕ್ಸ್‌ಟೆನ್ಶನ್ ಇದು. ನಾವು ಹೇಳಿದ ವೆಬ್‌ಸೈಟ್ ತೆರೆದಾಗ ನಮ್ಮ ಪುಟ್ಟ ಜಾವಾಸ್ಕ್ರಿಪ್ಟನ್ನು ಅಲ್ಲಿ ಓಡಿಸುತ್ತದೆ, ಅಷ್ಟೇ ಇದರ ಕೆಲಸ. ಐದಕ್ಕೆ ನಾಲ್ಕೂವರೆ ಸ್ಟಾರ್ ಕೊಡುತ್ತೇನೆ. ‘ಒಂದೊಂದು ಸಲ ಓಡುತ್ತೆ, ಒಂದೊಂದು ಸಲ ಓಡಲ್ಲ’ ಅನ್ನುವ ದೂರು ನಿಮ್ಮದೂ ಆಗಿದ್ದರೆ, ಇದನ್ನು ಕಿತ್ತುಹಾಕುವ ಮುಂಚೆ ಸ್ವಲ್ಪ ತಾಳಿ.

ನನ್ನ ಬಳಕೆ ಬಿಲ್ಲಿಂಗ್ ಕೆಲಸಕ್ಕೆ. ನಾವು ದಿನವಿಡೀ ತೆರೆದಿಟ್ಟುಕೊಳ್ಳುವ ಪೋರ್ಟಲ್ ಒಂದರಲ್ಲಿ ತಾರೀಖು ಅಮೆರಿಕದ ಕ್ರಮದಲ್ಲಿದೆ. 04/07 ಅಂದರೆ ಅಲ್ಲಿ ಏಪ್ರಿಲ್ 7, ನಮ್ಮ ಕಣ್ಣಿಗೆ ಜುಲೈ 4. ಅದನ್ನು ತಿರುಗಿಸಿ ಬರೆದು, ಗಡುವು ಮೀರಿದ ಬಿಲ್‌ಗಳ ಸಾಲಿಗೆ ಹಳದಿ ಬಣ್ಣ ಹಚ್ಚುವ ಸ್ಕ್ರಿಪ್ಟ್ ಮಾಡಿಕೊಂಡೆ. ನನ್ನ ಸಿಸ್ಟಂನಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ಅಕೌಂಟ್ಸ್ ಮೇಡಂ ಮಾತ್ರ ದಿನಾ ಕೇಳೋರು: ‘ಏನ್ರೀ, ನಿಮ್ಮ ಹಳದಿ ಇವತ್ತೂ ಬಂದಿಲ್ಲವಲ್ಲ!’ ರಿಫ್ರೆಶ್ ಒತ್ತಿದರೆ ತಕ್ಷಣ ಬರುತ್ತಿತ್ತು.

ಸುಳಿವು ಸಿಕ್ಕಿದ್ದು ಟೂಲ್‌ಬಾರ್‌ನಲ್ಲಿ. ಟ್ಯಾಂಪರ್‌ಮಂಕಿ ಐಕಾನ್ ಮೇಲೆ ಚಿಕ್ಕದೊಂದು ಅಂಕಿ ಕೂತಿರುತ್ತದೆ. ಈ ಪುಟದಲ್ಲಿ ಎಷ್ಟು ಸ್ಕ್ರಿಪ್ಟ್ ಓಡುತ್ತಿವೆ ಅನ್ನುವ ಲೆಕ್ಕ ಅದು. ನನ್ನಲ್ಲಿ 1 ಇತ್ತು, ಮೇಡಂ ಸ್ಕ್ರೀನಿನಲ್ಲಿ ಅಂಕಿಯೇ ಇರಲಿಲ್ಲ. ನಾನು ಬುಕ್‌ಮಾರ್ಕ್‌ನಿಂದ ನೇರ ಬಿಲ್ ಪುಟಕ್ಕೆ ಹೋಗುತ್ತಿದ್ದೆ. ಅವರು ಲಾಗಿನ್ ಆಗಿ, ಮುಖಪುಟದ ಮೆನುವಿನಿಂದ ಹೋಗುತ್ತಿದ್ದರು. ಈಗಿನ ಅನೇಕ ಸೈಟ್‌ಗಳ ಹಾಗೆ ಇದೂ ಒಂದೇ ಪುಟದೊಳಗೆ ಎಲ್ಲವನ್ನೂ ಬದಲಿಸುವ ಆಪ್. ಮೆನು ಒತ್ತಿದಾಗ ಮೇಲಿನ ವಿಳಾಸ ಬದಲಾಗುತ್ತದೆ, ಪುಟ ಮಾತ್ರ ಹೊಸದಾಗಿ ಲೋಡ್ ಆಗುವುದಿಲ್ಲ. ಸ್ಕ್ರಿಪ್ಟ್ ಓಡಬೇಕೋ ಬೇಡವೋ ಅನ್ನುವುದು ಪುಟ ಲೋಡ್ ಆಗುವಾಗಲೇ ತೀರ್ಮಾನವಾಗುವುದರಿಂದ, ಮುಖಪುಟದಲ್ಲಿ ಹೊರಗುಳಿದ ಸ್ಕ್ರಿಪ್ಟ್ ಬಿಲ್ ಪುಟದಲ್ಲೂ ಹೊರಗೇ ಉಳಿಯುತ್ತಿತ್ತು. ಯಾವ ವಿಳಾಸದಲ್ಲಿ ಓಡಬೇಕು ಅಂತ ಸ್ಕ್ರಿಪ್ಟಿನ ತಲೆಯಲ್ಲಿ ಹೇಳುವ ಮ್ಯಾಚ್ (@match) ಸಾಲಿನಲ್ಲಿ ಬಿಲ್ ಪುಟದ ಬದಲು ಇಡೀ ಸೈಟಿನ ವಿಳಾಸ ಕೊಟ್ಟು, ಈಗ ಯಾವ ಪುಟದಲ್ಲಿದ್ದೇವೆ ಅನ್ನುವುದನ್ನು ಸ್ಕ್ರಿಪ್ಟ್ ಒಳಗೇ ನೋಡುವಂತೆ ಮಾಡಿದೆ. ವಿಳಾಸ ಬದಲಾದದ್ದನ್ನು ತಿಳಿಸಲು ಟ್ಯಾಂಪರ್‌ಮಂಕಿಯಲ್ಲೇ ಆನ್‌ಯುಆರ್‌ಎಲ್‌ಚೇಂಜ್ ಅನ್ನುವ ಸೌಲಭ್ಯವಿದೆ. ಸ್ಕ್ರಿಪ್ಟಿಗೆ ಬೇಕಾದ ವಿಶೇಷ ಸೌಲಭ್ಯ ಹೆಸರಿಸುವ ಗ್ರಾಂಟ್ (@grant) ಸಾಲಿನಲ್ಲಿ ಅದನ್ನು ಕೇಳಿಕೊಳ್ಳಬೇಕು.

ಆಮೇಲೂ ನೆಟ್ ನಿಧಾನವಿದ್ದಾಗ ಹಳದಿ ತಪ್ಪುತ್ತಿತ್ತು. ಈ ಸಲ ಅಂಕಿ 1 ಇದೆ, ಕೆಲಸ ಆಗಿಲ್ಲ. ಅಂದರೆ ಸ್ಕ್ರಿಪ್ಟ್ ಓಡಿದೆ, ಆದರೆ ಅದು ಓಡುವಾಗ ಬಿಲ್ ಪಟ್ಟಿಯೇ ಇನ್ನೂ ಬಂದಿರಲಿಲ್ಲ. ಇಂಥ ಕಡೆ ಸಾಮಾನ್ಯವಾಗಿ ಎಲ್ಲರೂ ಕೊಡುವ ಸಲಹೆ, ಎರಡು ಸೆಕೆಂಡ್ ಟೈಮ್‌ಔಟ್ ಹಾಕಿ, ಅಂದರೆ ಅಷ್ಟು ಹೊತ್ತು ಕಾದು ಆಮೇಲೆ ಓಡಿಸಿ ಅಂತ. ದಯವಿಟ್ಟು ಹಾಕಬೇಡಿ. ಸರ್ವರ್ ಮೂರನೇ ಸೆಕೆಂಡಿಗೆ ಉತ್ತರ ಕೊಟ್ಟ ದಿನ ಮತ್ತೆ ಅದೇ ಗೋಳು, ಮತ್ತು ತೊಂದರೆ ಅಪರೂಪವಾದಷ್ಟೂ ಹಿಡಿಯುವುದು ಕಷ್ಟ. ಪುಟದೊಳಗೆ ಹೊಸದೇನಾದರೂ ಸೇರಿದ ಕೂಡಲೇ ತಿಳಿಸುವ ಮ್ಯುಟೇಶನ್ ಅಬ್ಸರ್ವರ್ ಬ್ರೌಸರ್‌ನಲ್ಲೇ ಇದೆ. ಪಟ್ಟಿ ಯಾವಾಗ ಬಂದರೂ ಸರಿ, ಆಗ ಬಣ್ಣ ಹಚ್ಚಿದರಾಯಿತು. ಒಂದು ಎಚ್ಚರ ಬೇಕು: ನಾವು ಬದಲಿಸಿ ಬರೆದ ತಾರೀಖೂ ಅದರ ಕಣ್ಣಿಗೆ ಹೊಸದೇ. ಮುಗಿದ ಸಾಲಿಗೆ ಗುರುತು ಹಾಕದಿದ್ದರೆ ತಿರುಗಿಸಿದ ತಾರೀಖನ್ನೇ ಮತ್ತೆ ತಿರುಗಿಸುತ್ತಾ ಕೂರುತ್ತದೆ, ಟ್ಯಾಬ್ ಹ್ಯಾಂಗ್ ಆಗುತ್ತದೆ.

ಇನ್ನು ಅರ್ಧ ಸ್ಟಾರ್ ವಿಷಯ. ಕ್ರೋಮ್‌ನ ಹೊಸ ಎಕ್ಸ್‌ಟೆನ್ಶನ್ ನಿಯಮ, ಅಂದರೆ ಮ್ಯಾನಿಫೆಸ್ಟ್ ವಿ3 ಬಂದ ಮೇಲೆ, ಯೂಸರ್‌ಸ್ಕ್ರಿಪ್ಟ್ (ನಾವು ಹಾಕಿಕೊಳ್ಳುವ ಇಂಥ ಸ್ಕ್ರಿಪ್ಟ್) ಓಡಿಸಲು ಬಳಕೆದಾರರೇ ಪ್ರತ್ಯೇಕ ಅನುಮತಿ ಕೊಡಬೇಕು. ಮೊದಲು ಕ್ರೋಮ್‌ನ ಎಕ್ಸ್‌ಟೆನ್ಶನ್ ಪುಟದಲ್ಲಿ ಡೆವಲಪರ್ ಮೋಡ್ ಆನ್ ಮಾಡಿದರೆ ಸಾಕಿತ್ತು. ಕ್ರೋಮ್ 138ರಿಂದ ಎಕ್ಸ್‌ಟೆನ್ಶನ್‌ನ ವಿವರಗಳ ಪುಟದಲ್ಲಿ ‘ಅಲೋ ಯೂಸರ್ ಸ್ಕ್ರಿಪ್ಟ್ಸ್’ ಎಂಬ ಬೇರೆಯದೇ ಸ್ವಿಚ್ ಇದೆ. ಯಾವ ಸೈಟ್‌ನಲ್ಲೂ ಯಾವ ಸ್ಕ್ರಿಪ್ಟೂ ಓಡದಿದ್ದರೆ ಕೋಡ್ ಮುಟ್ಟುವ ಮುಂಚೆ ಅಲ್ಲಿ ನೋಡಿ. ಇದು ಬ್ರೌಸರ್‌ನ ನಿಯಮ, ಟ್ಯಾಂಪರ್‌ಮಂಕಿಯದಲ್ಲ ಅನ್ನುವುದು ಗೊತ್ತು. ನನ್ನ ನಿಜವಾದ ಕೊರಗು ಬೇರೆ: ಇದರ ಈಗಿನ ಕೋಡ್ ಮುಕ್ತವಾಗಿಲ್ಲ. ತೆರೆದ ಪ್ರತಿ ಪುಟವನ್ನೂ ಓದಬಲ್ಲ ಎಕ್ಸ್‌ಟೆನ್ಶನ್ ಒಳಗೆ ಏನಿದೆ ಅಂತ ನೋಡುವ ಹಾಗಿರಬೇಕು. ಅದು ಮುಖ್ಯ ಅನ್ನಿಸುವವರು ಫೈರ್‌ಫಾಕ್ಸ್‌ನಲ್ಲಿ ವಯೊಲೆಂಟ್‌ಮಂಕಿ ಹಾಕಿಕೊಳ್ಳಬಹುದು, ಅದು ಮುಕ್ತ ತಂತ್ರಾಂಶ. ನಾನು ಬ್ಯಾಂಕ್ ವ್ಯವಹಾರಕ್ಕೆ ಯಾವ ಎಕ್ಸ್‌ಟೆನ್ಶನ್ನೂ ಇಲ್ಲದ ಬೇರೆ ಪ್ರೊಫೈಲ್ ಇಟ್ಟುಕೊಂಡಿದ್ದೇನೆ. ಬೇರೆಯವರ ಸ್ಕ್ರಿಪ್ಟ್ ಹಾಕಿಕೊಳ್ಳುವುದಾದರೆ ಮೊದಲು ಮ್ಯಾಚ್ ಸಾಲು ಓದಿ. ಒಂದೇ ಸೈಟ್‌ಗೆ ಬೇಕಾದ ಸ್ಕ್ರಿಪ್ಟ್ ಎಲ್ಲ ಸೈಟ್‌ಗೂ ಅನುಮತಿ ಕೇಳುತ್ತಿದ್ದರೆ ಹಾಕಿಕೊಳ್ಳಬೇಡಿ.