ಕಡುಕಂದು ರೋಸಿನ್: ದಪ್ಪ ತಂತಿಗೆ ಹೇಳಿಮಾಡಿಸಿದ್ದು

ಪಿಟೀಲು ನುಡಿಸುವವರು ರೋಸಿನ್, ಅಂದರೆ ಕಮಾನಿನ ಕೂದಲಿಗೆ ಉಜ್ಜುವ ರಾಳದ ಬಿಲ್ಲೆ, ಕೊಳ್ಳುವಾಗ ಕೇಳುವುದು ಹಿಡಿತ ಹೇಗಿದೆ ಅಂತ. ನಾನು ಮೊದಲು ನೋಡುವುದು ಅದು ತಂತಿಯನ್ನು ಹೇಗೆ ಬಿಟ್ಟುಕೊಡುತ್ತದೆ ಅನ್ನುವುದನ್ನು. ಹಿಡಿತವೊಂದೇ ಸಾಕಿದ್ದರೆ ಕಮಾನಿಗೆ ಅಂಟು ಸವರಿದರೂ ನಡೆಯುತ್ತಿತ್ತು.

ಕಮಾನಿನ ಕೂದಲು ತಂತಿಯನ್ನು ಜೊತೆಗೆ ಎಳೆದೊಯ್ಯುತ್ತದೆ, ತಂತಿ ಕಳಚಿಕೊಂಡು ಹಿಂದಕ್ಕೆ ಜಾರುತ್ತದೆ, ಮತ್ತೆ ಸಿಕ್ಕಿಕೊಳ್ಳುತ್ತದೆ. 440 ಹರ್ಟ್ಸ್ ಸ್ವರದಲ್ಲಿ ಇದು ಸೆಕೆಂಡಿಗೆ 440 ಸಲ. ಬ್ರಿಜ್‌ನಿಂದ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು) ತಂತಿಯ ಹತ್ತನೇ ಒಂದರಷ್ಟು ದೂರದಲ್ಲಿ ಕಮಾನಿಟ್ಟರೆ ಪ್ರತಿ ಆವರ್ತದ ಹತ್ತನೇ ಒಂದು ಪಾಲು ಮಾತ್ರ ಜಾರಾಟ, ಉಳಿದದ್ದೆಲ್ಲ ಹಿಡಿತ. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 19ನೇ ಶತಮಾನದಲ್ಲೇ ಗುರುತಿಸಿದ ಚಲನೆ ಇದು. ನಮ್ಮ ಸಿ.ವಿ. ರಾಮನ್ 1918ರಲ್ಲಿ ಇದರ ಮೇಲೆ ದೊಡ್ಡ ಪ್ರಬಂಧವನ್ನೇ ಪ್ರಕಟಿಸಿದರು. ಬೆಳಕಿನ ಕೆಲಸದ ಮರೆಯಲ್ಲಿ ಆ ರಾಮನ್ ನಮಗೆ ಕಾಣದೇ ಹೋದರಲ್ಲ ಎಂದು ನನಗೆ ಬೇಸರವಿದೆ.

ಈ ಮೆತ್ತನೆಯ ಕಡುಕಂದು ಬಿಲ್ಲೆಯ ಗುಣ ತಿಳಿಯುವುದು ಪಿಟೀಲಿನ ಅತಿ ದಪ್ಪನೆಯ ಜಿ ತಂತಿಯ ಮೇಲೆ. ನಿಧಾನವಾಗಿ, ಬ್ರಿಜ್‌ಗೆ ಹತ್ತಿರ ಎಳೆದರೂ ಸ್ವರ ತಡವರಿಸದೆ ಎದ್ದು ಬರುತ್ತದೆ. ಬ್ರಿಜ್ ಹತ್ತಿರವಾದಷ್ಟೂ ಕಮಾನಿಗೆ ಹೆಚ್ಚು ಒತ್ತಡ ಬೇಕು. ಕಡಿಮೆಯಾದರೆ ತಂತಿ ಒಂದೇ ಆವರ್ತದಲ್ಲಿ ಎರಡು ಸಲ ಜಾರಿ ನಾದ ತೆಳುವಾಗುತ್ತದೆ, ಅತಿಯಾದರೆ ಕರಕರ. ಗಟ್ಟಿಯಾದ ತಿಳಿಬಣ್ಣದ ರೋಸಿನ್‌ನಲ್ಲಿ ಇಲ್ಲೇ ತೊಡಕಾಗುತ್ತಿತ್ತು, ಇದರಲ್ಲಿ ಕೈ ನಿರಾಳ.

ಸಣ್ಣ ಇ ತಂತಿಯಲ್ಲಿ ಮಾತ್ರ ಒಪ್ಪಲಾರೆ. ವೇಗದ ಹೊಡೆತಗಳಲ್ಲಿ ಕಮಾನು ಅಂಟಿದಂತಾಗುತ್ತದೆ, ಸೆಕೆಯಲ್ಲಿ ಇನ್ನೂ ಜಾಸ್ತಿ. ರೋಸಿನ್‌ನ ಘರ್ಷಣೆಯನ್ನು ಆಳುವುದು ಬರೀ ವೇಗವಲ್ಲ, ಕೂದಲೂ ತಂತಿಯೂ ತಾಗುವ ಜಾಗದ ಉಷ್ಣತೆ ಎಂದು ಸಂಶೋಧಕರಾದ ಸ್ಮಿತ್ ಮತ್ತು ವುಡ್‌ಹೌಸ್ 2000ರಲ್ಲಿ ತೋರಿಸಿದ್ದಾರೆ. ಜಾರುವಾಗ ಬಿಸಿಯೇರಿ ರಾಳ ಮೆದುವಾಗುತ್ತದೆ, ಹಿಡಿದಾಗ ತಣಿದು ಬಿಗಿಯುತ್ತದೆ. ಮೊದಲೇ ಮೆತ್ತಗಿರುವ ಬಿಲ್ಲೆ ಸೆಕೆಯಲ್ಲಿ ಜಿಗುಟಾಗುವುದು ಸಹಜವೇ.

ಪುಡಿ ಕಡಿಮೆ ಉದುರುತ್ತದೆ, ಆದರೆ ತಂತಿಯ ಮೇಲೆ ಪದರವಾಗಿ ಕೂರುತ್ತದೆ. ನುಡಿಸಿದ ಮೇಲೆ ಒಣಬಟ್ಟೆಯಿಂದ ಒರೆಸಲೇಬೇಕು. ವಯೋಲಾ, ಚೆಲ್ಲೊ ನುಡಿಸುವವರು ಕಣ್ಣುಮುಚ್ಚಿ ಕೊಳ್ಳಬಹುದು. ತಾರಸ್ಥಾಯಿಯಲ್ಲೇ ಹೆಚ್ಚು ಓಡಾಡುವ ಪಿಟೀಲಿಗರು ಗಟ್ಟಿ ಬಿಲ್ಲೆಗೇ ಅಂಟಿಕೊಳ್ಳುವುದು ಒಳ್ಳೆಯದು.